ತಿರುಗುಗಂಬಿಯ ಲೆಕ್ಕ

ಹದಿನೇಳು ವರ್ಷ ರೆಸಿಫೆಯ ಬಸ್ಸಿನಲ್ಲಿ
ತಿರುಗುಗಂಬಿಯ ಪಕ್ಕದ ಎತ್ತರದ ಸೀಟು ನನ್ನದು.
ಮುಂದಿನ ಬಾಗಿಲಲ್ಲಿ ಹತ್ತಬೇಕು, ಕಾಸು ಕೊಡಬೇಕು,
ಕಬ್ಬಿಣದ ತೋಳನ್ನು ಹೊಟ್ಟೆಯಿಂದ ನೂಕಿ ದಾಟಬೇಕು.
ಟಕ್ ಅಂದರೆ ಒಬ್ಬ ಮನುಷ್ಯ.
ರಾತ್ರಿ ಡಿಪೋದಲ್ಲಿ ಟಕ್ಕಿಗೂ ಚಿಲ್ಲರೆಗೂ ತಾಳೆಯಾಗಬೇಕು,
ಆಗದಿದ್ದರೆ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ.

ಲಿಂಡಿನಾಲ್ವಾ ದಾಟುತ್ತಿರಲಿಲ್ಲ.
ಕಾಸು ಕೊಡುವಳು, ನಾನು ಕೈಯಿಂದ ಕಂಬಿ ತಿರುಗಿಸುವೆ,
ಟಕ್.
ಲೆಕ್ಕ ಆಚೆ ಹೋಯಿತು, ಅವಳು ಈಚೆಯೇ ಉಳಿದಳು,
ಮುದುಕರಿಗೆಂದು ಬಿಟ್ಟ ಸೀಟಿನಲ್ಲಿ, ಕಿಟಕಿಗೆ ಮುಖ ಕೊಟ್ಟು.

ಹಿಂದೊಮ್ಮೆ ಬೇರೆ ರೂಟಿನಲ್ಲಿ ಸಿಕ್ಕಿಕೊಂಡಿದ್ದಳಂತೆ.
ಅಗ್ನಿಶಾಮಕದವರು ಬಂದು ಬೋಲ್ಟು ಬಿಚ್ಚುವ ತನಕ ನಲವತ್ತು ನಿಮಿಷ.
ಒಬ್ಬ ಹುಡುಗ ಮೊಬೈಲು ಎತ್ತಿ ಹಿಡಿದಿದ್ದನಂತೆ.
ಹೇಳುತ್ತಾ ನಕ್ಕಳು. ನಾನೂ ನಕ್ಕೆ.
ನಗಬಾರದಿತ್ತು.

ಟರ್ಮಿನಲ್ಲಿನ ಬಳಿ ಅವಳ ಟಪಿಯೋಕಾ ಗಾಡಿ.
ಮರಗೆಣಸಿನ ಹಿಟ್ಟು ಕಾವಲಿಗೆ ಉದುರಿಸಿ
ಕಾಯಿತುರಿ ತುಂಬಿ ಮಡಚಿ ಕೊಡುವಳು.
ತಿಂದವರೇ ಕೈ ಒರೆಸಿಕೊಳ್ಳುತ್ತಾ ಕೇಳುವರು,
'ಮಿಕ್ಕಿದ್ದೆಲ್ಲ ನಿನಗೇನಾ?'
ನಸುಕಿಗೆ ತೊಡೆಗೆ ಚುಚ್ಚಿಕೊಳ್ಳುವ ಇನ್ಸುಲಿನ್ನು,
ನಡುರಾತ್ರಿ ಉಸಿರು ನಿಂತು ಎದ್ದು ಕೂರುವ ನಿದ್ದೆ,
ಕಿರುಗುಟ್ಟುವ ಮಂಡಿ
ಇವು ಯಾರ ಕಣ್ಣಿಗೂ ದಪ್ಪಗೆ ಕಾಣುವಂಥವಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಹೆಸರು ಬರೆಸಿ ನಾಲ್ಕು ವರ್ಷ.
ಅಕ್ಕ ಜಂಡೀರಾ ಗಾಡಿಯ ಮುಂದೆಯೇ ಜಗಳ ತೆಗೆದಳು:
'ಬಾಯಿ ಕಟ್ಟಿದರೆ ಸಾಕಿತ್ತು, ಹೊಟ್ಟೆ ಯಾಕೆ ಕೊಯ್ಸಬೇಕು?'
'ಇಪ್ಪತ್ತು ವರ್ಷ ಕಟ್ಟಿದ್ದೇನೆ ಅಕ್ಕಾ,
ಗಂಟು ಹಾಕಿ ಹಾಕಿ ಹಗ್ಗವೇ ಸವೆಯಿತು.'

ಡಾಕ್ಟರಮ್ಮ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರಂತೆ:
ಇದು ಗೇಣು ಹೊಟ್ಟೆ, ಇಷ್ಟು ತೆಗೆದರೆ ಬೆರಳಷ್ಟು.
ಕೊಯ್ಯುವುದು ನನ್ನ ಒಂದು ಬೆಳಗು,
ಆಮೇಲಿನದು ನಿನ್ನ ಆಯುಷ್ಯ.
'ಸಾಯಬಹುದಾ?' ಕೇಳಿದಳು.
'ಬಹುದು. ಹೀಗೇ ಇದ್ದರೆ ಅದಕ್ಕಿಂತ ಬೇಗ.'
ಆ ಚೀಟಿ ನನಗೂ ತೋರಿಸಿದಳು. ನನಗದು
ಅರ್ಧ ತಿಂದು ಬಿಟ್ಟ ಗೋಡಂಬಿಯ ಹಣ್ಣಿನ ಹಾಗೆ ಕಂಡಿತು.

ಆಮೇಲೆ ತಿಂಗಳುಗಟ್ಟಲೆ ಬಸ್ಸಿಗೆ ಬರಲಿಲ್ಲ.
ಬಂದಾಗ ಕೈಯಲ್ಲಿ ಕಾಫಿಯ ಪುಟಾಣಿ ಪ್ಲಾಸ್ಟಿಕ್ ಲೋಟ,
ಅದರಲ್ಲಿ ಸಾರಿನ ತಿಳಿ.
ಪೀನಾ ಸೇತುವೆಯಿಂದ ಮಾರುಕಟ್ಟೆಯ ತನಕ, ಗುಟುಕು ಗುಟುಕಾಗಿ,
ಅದೇ ಊಟ.
ಬಾಚಣಿಗೆಯಲ್ಲಿ ಕೂದಲು ಹಿಡಿಹಿಡಿ ಬರುತ್ತದೆ ಎಂದಳು.
ಇನ್ಸುಲಿನ್ನಿನ ಡಬ್ಬಿಯಲ್ಲಿ ಈಗ ಸೂಜಿ ದಾರ ಇಟ್ಟಿದ್ದಾಳಂತೆ,
ಬಟ್ಟೆಗಳನ್ನೆಲ್ಲ ಒಳಹಿಡಿದು ಹೊಲಿಯಬೇಕಲ್ಲ.

ಜೂನಿನಲ್ಲಿ ಸಂತ ಜೊವಾನನ ಹಬ್ಬ,
ಬೀದಿಗೊಂದು ಬೆಂಕಿ, ಮನೆಗೊಂದು ಪಾತ್ರೆ ಜೋಳದ ಪಾಯಸ.
ಎಲ್ಲರಿಗೂ ಬಡಿಸಿದಳು. ತಾನು ಒಂದು ಚಮಚ ತಿಂದು
ಎರಡನೆಯದನ್ನು ಕೈಯಲ್ಲಿ ಹಿಡಿದು ಅತ್ತಳಂತೆ.
'ಹೊಟ್ಟೆ ತುಂಬಿದ್ದಕ್ಕೆ ಅತ್ತವಳು
ಈ ಊರಲ್ಲಿ ನಾನೊಬ್ಬಳೇ ಇರಬೇಕು.'

ಆ ವರ್ಷವೇ ಕಂಪನಿ ಕಾರ್ಡಿನ ಮಷಿನ್ನು ತಂದಿತು.
ನನ್ನ ಕೊನೆಯ ವಾರ. ಗುರುವಾರ. ಅವಳು ಹತ್ತಿದಳು,
ಕಾಸು ಕೊಟ್ಟಳು, ರೂಢಿಯ ಕೈ ತಾನೇ ಹೋಗಿ ತಿರುಗಿಸಿತು,
ಟಕ್.
'ಕೈ ತೆಗೆ,' ಅಂದಳು.
ಕಂಬಿಯ ಮುಂದೆ ನಿಂತಳು. ಉಸಿರು ಎಳೆದುಕೊಂಡಳು.
ಅಂಗಿಯೊಳಗಿನ ಸಡಿಲ ಚರ್ಮ ಒಂದು ಕ್ಷಣ
ಕಬ್ಬಿಣಕ್ಕೆ ಸಿಕ್ಕಿಕೊಂಡಿತು. ಅಂಗೈಯಿಂದ ಎತ್ತಿ ಬಿಡಿಸಿಕೊಂಡು
ನೂಕಿದಳು.
ಟಕ್.
ಹಿಂದಿರುಗಿ ನೋಡದೆ ಕೊನೆಯ ಸೀಟಿನ ತನಕ ನಡೆದಳು,
ದಾರಿಯಲ್ಲಿ ಖಾಲಿ ಸೀಟುಗಳಿದ್ದವು.

ರಾತ್ರಿ ಡಿಪೋದಲ್ಲಿ ಒಂದು ಟಕ್ಕು ಹೆಚ್ಚು.
ಕನ್ನಡಕದ ಗುಮಾಸ್ತ ಮತ್ತೆ ಮತ್ತೆ ಎಣಿಸಿದ.
'ಒಬ್ಬರ ಕಾಸು ಎಲ್ಲಿ?'
ಈಚೆ ಉಳಿದವಳೊಬ್ಬಳು, ಆಚೆ ಹೋದವಳೊಬ್ಬಳು,
ಇವನಿಗೆ ಹೇಗೆ ಹೇಳಲಿ.
ಮುರಿದುಕೊಳ್ಳಿ, ಅಂದೆ.