ನಷ್ಟದ ಕಾಲಂ

ಬೆಳಗಿನ ಇಳಿತಕ್ಕೆ ದಾದ್ ಕರೀಂ ದೋಣಿ ಬಿಡುತ್ತಾನೆ
ಉಮ್ ಅಲ್ ಕುವೈನಿನ ಹಿನ್ನೀರಿಗೆ.
ಮೊಣಕಾಲವರೆಗೆ ಕೆಸರು. ಕೈಯಲ್ಲೊಂದು ಸ್ಟೀಲ್ ಕೊಳವೆ.
ಇಲ್ಲಿನವರ ಬಾಯಲ್ಲಿ ಈ ಮರ ಕುರ್ಮ್;
ಬಂದ ಹೊಸತರಲ್ಲಿ ನನಗೆ ಕೇಳಿಸಿದ್ದು ಕೂರ್ಮ.
ತಪ್ಪೇನಲ್ಲ ಎನಿಸುತ್ತದೆ ಈಗ:
ಭಾರ ಹೊತ್ತು, ಕೆಸರಲ್ಲಿ ತಲೆ ತಗ್ಗಿಸಿ,
ಮೇಲೆ ಯಾರು ಕಡೆಯುತ್ತಿದ್ದಾರೆಂದು ಕೇಳದೆ ಕೂತದ್ದು.
ನಮ್ಮ ಅಳಿವೆಯಲ್ಲಿ ಇದರ ದಾಯಾದಿಗೆ ಕಾಂಡ್ಲಾ ಎನ್ನುತ್ತಿದ್ದೆವು,
ಒಲೆಗಲ್ಲದೆ ಬೇರೆ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಎಲೆಗೆ ನಾಲಿಗೆ ತಾಗಿಸಿದರೆ ಉಪ್ಪು.
ಒಂಟೆಗಳು ಉಪ್ಪಿನಕಾಯಿ ಸಿಕ್ಕಂತೆ ತಿನ್ನುತ್ತವೆ.
ದಡದಲ್ಲಿ ಮೆಲುಕು ಹಾಕುವ ಹೆಣ್ಣೊಂಟೆಯ ಉಸಿರು
ಜನವರಿಯ ಚಳಿಗೆ ಬಿಳಿಯಾಗಿ ಕಾಣುತ್ತದೆ, ಅರೆಗಳಿಗೆ.
ಕಾಣುವುದು ನೀರಾವಿ.
ಕಾಣದ್ದೂ ಅದರ ಜೊತೆಗೇ ಹೊರಟಿರುತ್ತದೆ,
ತಿಂದ ಮರದ ಕಡೆಗೇ, ಬಹುಶಃ.

ಬಿದ್ದ ಎಲೆಯನ್ನು ಏಡಿಯೊಂದು ಹಿಮ್ಮುಖವಾಗಿ
ಬಿಲದೊಳಗೆ ಎಳೆದುಕೊಳ್ಳುತ್ತದೆ,
ಮೆಟ್ಟಿಲಲ್ಲಿ ಬೀರು ಇಳಿಸುವವರ ಹಾಗೆ.
ಅರ್ಧ ತಿನ್ನುತ್ತದೆ. ಉಳಿದರ್ಧ ಅಲ್ಲೇ,
ಗಾಳಿಯಾಡದ ಕತ್ತಲಲ್ಲಿ, ಕೊಳೆಯುವುದನ್ನೂ ಮರೆತು.
ಆ ಮರೆವನ್ನು ಅಳೆಯುವುದು ನನ್ನ ಕೆಲಸ.

ಒಣಗಿಸಿ, ಅರೆದು, ಜರಡಿ ಹಿಡಿದು
ಐದು ಗ್ರಾಂ ಮಣ್ಣು ಪಿಂಗಾಣಿ ಬಟ್ಟಲಿಗೆ.
ತಕ್ಕಡಿಯ ಗಾಜಿನ ಬಾಗಿಲು ತೆರೆದಾಗ ಉಸಿರು ಬಿಡಬಾರದು;
ಬಿಟ್ಟರೆ ಕೊನೆಯ ಅಂಕಿ ಓಲಾಡುತ್ತದೆ.
ಆಮೇಲೆ ಕುಲುಮೆ. ಐನೂರೈವತ್ತು ಡಿಗ್ರಿ, ನಾಲ್ಕು ಗಂಟೆ.
ಕಪ್ಪಾಗಿ ಒಳಹೋದದ್ದು ನಸುಗೆಂಪು ಬೂದಿಯಾಗಿ ಬರುತ್ತದೆ,
ನಾಲ್ಕು ಗ್ರಾಂ ಚಿಲ್ಲರೆ.
ಉಳಿದದ್ದನ್ನು ಬರೆಯುವ ಕಾಲಮ್ಮಿನ ಹೆಸರು: ನಷ್ಟ.

ಯಾರಿಗೆ?
ಕುಲುಮೆಯ ಚಿಮಣಿ ತೆರೆಯುವುದು ಹಿಂದಿನ ಪಾರ್ಕಿಂಗಿಗೆ.
ಅಲ್ಲಿ ಕಟ್ಟಡದ ಯಜಮಾನ ಉಬೈದರ ಮೂರು ಖರ್ಜೂರದ ಮರ,
ಏಸಿಯ ನೀರು ಕುಡಿದು ಬೆಳೆದವು.
ಅವುಗಳ ನೆರಳಲ್ಲಿ ಡಬ್ಬಿಯ ಅನ್ನ ತಿನ್ನುವಾಗ
ನನಗೆ ಲೆಕ್ಕ ತಪ್ಪುತ್ತದೆ.
ಇನ್ನೂರು ವರ್ಷ ಕೆಸರಲ್ಲಿ ಕೂತಿದ್ದ ಎಲೆ,
ಬೆಳಿಗ್ಗೆ ನಾನೇ ಬಿಡಿಸಿ ಕಳಿಸಿದ್ದು,
ಯಾವ ಹಣ್ಣಿಗೆ ಸಕ್ಕರೆಯಾಗಲು ಹತ್ತಿದೆಯೋ,
ಅಥವಾ ಈ ತುತ್ತಿಗೂ ಮುಂದಿನದಕ್ಕೂ ನಡುವೆ
ನನ್ನೊಳಗೆ ಬಂದು ಸುಮ್ಮನೆ ತಿರುಗಿ ಹೋಯಿತೋ.

ಕೆಲವು ರಾತ್ರಿ ಸಮುದ್ರದಾಚೆ ಒಂದು ಜ್ವಾಲೆ, ತೈಲಗೋಪುರದ್ದು.
ಅದೂ ಹಳೆಯ ಕೆಸರೇ. ನನ್ನದಕ್ಕಿಂತ ದೊಡ್ಡ ಕುಲುಮೆ, ಅಷ್ಟೆ.
ಅಲ್ಲಿ ಯಾರಾದರೂ ಮೊದಲೂ ಆಮೇಲೂ ತೂಗುತ್ತಾರೋ ತಿಳಿಯದು.
ಆ ದುಡ್ಡಿನಿಂದಲೇ ಈ ಲ್ಯಾಬು, ಈ ತಕ್ಕಡಿ, ನನ್ನ ಸಂಬಳ.
ಬೈಯಲೆಂದು ಬಾಯಿ ತೆರೆದರೆ
ಹೊರಡುವುದೂ ಅದೇ.

ಹೋದ ತಿಂಗಳು ಕೊಳವೆಯ ಎಂಬತ್ತನೇ ಸೆಂಟಿಮೀಟರಿನಲ್ಲಿ
ಒಂದು ಖರ್ಜೂರದ ಬೀಜ ಸಿಕ್ಕಿತು, ಇದ್ದಿಲಿನಷ್ಟು ಕಪ್ಪು.
"ಅದು ಸ್ಯಾಂಪಲ್ ಅಲ್ಲ, ತೆಗೆದುಹಾಕು" ಎಂದರು ಡಾಕ್ಟರ್ ಮೌಜಾ.
ದಾದ್ ಕರೀಂ ತಿರುಗಿಸಿ ತಿರುಗಿಸಿ ನೋಡಿದ:
ಮುತ್ತಿಗೆ ಮುಳುಗುವವರು ಹೊಟ್ಟೆ ತುಂಬ ತಿನ್ನುತ್ತಿರಲಿಲ್ಲವಂತೆ,
ಒಂದೋ ಎರಡೋ ಹಣ್ಣು. ಬೀಜ ಉಗಿದು,
ಮೂಗಿಗೆ ಚಿಮಟ ಸಿಕ್ಕಿಸಿ ಇಳಿಯುತ್ತಿದ್ದರಂತೆ.
ನಿಜವೋ, ನನ್ನ ಮುಖ ನೋಡಿ ಕಟ್ಟಿದ್ದೋ.

ಬೀಜ ಈಗ ನನ್ನ ಕೋಣೆಯಲ್ಲಿದೆ, ಚಹಾಪುಡಿ ಡಬ್ಬಿಯ ಮುಚ್ಚಳದಲ್ಲಿ.
ನೆಟ್ಟು ನೋಡು ಎನ್ನುತ್ತಾಳೆ ಜುಲಿಯಾನಾ. ನೆಟ್ಟಿಲ್ಲ.
ಕುಲುಮೆಗೂ ಕೊಟ್ಟಿಲ್ಲ.

ತಕ್ಕಡಿಯ ಬಾಗಿಲು ತೆರೆದು
ಎದೆಯಲ್ಲಿ ಗಾಳಿ ಬಿಗಿಹಿಡಿದಾಗ ಒಮ್ಮೊಮ್ಮೆ
ಅವನೂ ನೀರಡಿಯಲ್ಲಿ ಹೀಗೇ ಎಣಿಸುತ್ತಾನೆ.
ಮೇಲೆ ಬಂದು ಬಿಟ್ಟ ಅವನ ಉಸಿರು
ಯಾವ ಕಾಲಮ್ಮಿಗೂ ಸೇರಿರಲಿಕ್ಕಿಲ್ಲ.
ಅಂಕಿ ನಿಲ್ಲುತ್ತದೆ.
ಬರೆದುಕೊಂಡು
ಬಿಡುತ್ತೇನೆ.