ಐವತ್ತು ಡಿಗ್ರಿ, ಎಂಟು ತಾಸು

ಹಳೆಯ ಟೇಪು ಹಾಗೇ ಹಾಕಿದರೆ ಹಾಡುವುದಿಲ್ಲ.
ಅಂಟುತ್ತದೆ, ಕೀರಲುತ್ತದೆ, ಕಂದು ಪುಡಿ ಉದುರಿಸಿ
ಇದ್ದಬದ್ದ ದನಿಯನ್ನೂ ನುಂಗಿಬಿಡುತ್ತದೆ.
ಮೊದಲು ಬಿಸಿ ಮಾಡಬೇಕು,
ಐವತ್ತು ಡಿಗ್ರಿಯಲ್ಲಿ, ಎಂಟು ತಾಸು.
ನನ್ನ ಕೆಲಸ ಇಷ್ಟೇ: ಕವಾಸಾಕಿಯ ಗೋದಾಮಿನಲ್ಲಿ
ಗೆಣಸು ಸುಡುವವನ ಹಾಗೆ ಕಾಯುತ್ತ ಕೂರುವುದು.

ಈ ಸಲ ಒಲೆಯೊಳಗಿರುವವಳು ಸಾಯೊ ಮಿನಾಗಿ.
ಹಾಡಲು ಬಂದು ನಲವತ್ತೈದು ವರ್ಷ; ಕಂಪನಿ
ಮೂರು ಡಿಸ್ಕುಗಳ ಆಲ್ಬಮ್ ತರುತ್ತಿದೆ. ದಪ್ಪ ಡಬ್ಬಿ,
ಬೆಳ್ಳಿಯ ಅಕ್ಷರ, ಜೊತೆಗೊಂದು ಚಿತ್ರಪುಸ್ತಕ.
ಮೊದಲ ಪುಟದಲ್ಲಿ ಹದಿನೇಳರ ಹುಡುಗಿ,
ಕಿವಿ ಮುಚ್ಚುವ ಕೂದಲು, ಯಾರದೋ ಅಳತೆಯ ಬಿಳಿ ಬೂಟು.

ಆಗ ಅವಳು ಕಿನುಎ ಒಗುನಿ, ಮುರೊರಾನಿನ
ಉಕ್ಕಿನ ಕಾರ್ಖಾನೆಯ ಕುಲುಮೆಯವನ ನಡುವಿನ ಮಗಳು.
ಹೆಸರಿಗೇ ಮುಪ್ಪು ಬಂದಿದೆಯಲ್ಲ ಎಂದು
ಆರು ಗಂಡಸರು, ಒಂದು ಬೂದಿಬಟ್ಟಲು,
ಮಧ್ಯಾಹ್ನದ ಊಟದೊಳಗೆ ಹೊಸ ನಾಮಕರಣ ಮುಗಿಸಿದರಂತೆ.
ಚಿತ್ರಪುಸ್ತಕದಲ್ಲಿ ಇದಿಲ್ಲ.
ಟೇಪಿನ ಪೆಟ್ಟಿಗೆಯ ಬೆನ್ನಿನಲ್ಲಿದೆ: ಪೆನ್ಸಿಲಿನಲ್ಲಿ
ಬರೆದು, ಹೊಡೆದು ಹಾಕಿದ ಹೆಸರು.

ಮೊದಲ ಡಿಸ್ಕು ತುಂಬಿ ತುಳುಕುತ್ತದೆ. ಆ ಮೂರು ವರ್ಷ
ಟ್ಯಾಕ್ಸಿ, ಸ್ನಾನದಂಗಡಿ, ಪಚಿಂಕೊ, ಎಲ್ಲೆಲ್ಲೂ ಅವಳೇ.
ನನ್ನ ಅಕ್ಕ ಕನ್ನಡಿಯೆದುರು ಬಾಚಣಿಗೆ ಹಿಡಿದು
ಅವಳಾಗುತ್ತಿದ್ದಳು; ಊಟಕ್ಕೆ ಕರೆದರೆ
ಸಿಡುಕುತ್ತ ಮತ್ತೆ ಅಕ್ಕನಾಗುತ್ತಿದ್ದಳು.

ಎರಡನೆಯದಕ್ಕೆ ಹಾಡು ಹುಡುಕಬೇಕಾಯಿತು.
ಬಿಸಿನೀರ ಬುಗ್ಗೆಯ ಹೋಟೆಲುಗಳಲ್ಲಿ
ಮಿಂದು, ಯುಕಾತಾ ಸುತ್ತಿಕೊಂಡು, ಅರೆ ಕುಡಿದವರೆದುರು,
ಏಡಿಯ ಕಾಲು ಮುರಿಯುವ ಸದ್ದಿನ ನಡುವೆ
ಹಾಡಿದ್ದನ್ನು ಯಾರು ಟೇಪು ಮಾಡಿಡುತ್ತಾರೆ?
ಹನ್ನೊಂದು ವರ್ಷಕ್ಕೆ ಎರಡೇ ಹಾಡು. ಅದರಲ್ಲೊಂದು
ನೂಡಲ್ಸಿನ ಜಾಹೀರಾತು.
“ಅದೂ ಇರಲಿ” ಎಂದಳಂತೆ.
“ಅದರ ದುಡ್ಡಲ್ಲೇ ಹಲ್ಲು ಕಟ್ಟಿಸಿದ್ದು.”

ಮೂರನೆಯದು ಹೊಸದು: ಅವೇ ಹಾಡು, ಈ ವಸಂತದಲ್ಲಿ,
ಎರಡು ಮೆಟ್ಟಿಲು ಕೆಳಗಿಳಿದ ಶ್ರುತಿಯಲ್ಲಿ.
ಯಂತ್ರದಿಂದ ಮೇಲೆತ್ತಬಹುದು ಎಂದ ಹುಡುಗನಿಗೆ
“ನಾನು ಇಳಿದು ಬಂದದ್ದು ನಡೆದೇ” ಎಂದು ನಕ್ಕಳಂತೆ.

ನಿನ್ನೆ ಅವಳೇ ಬಂದಳು. ಮೊಣಕಾಲಿಗೆ ಪಟ್ಟಿ,
ಕೈಯಲ್ಲಿ ನಮಗೆಲ್ಲ ಕೆಂಪು ಹೂರಣದ ಸಿಹಿ.
ಟೇಪು ಆರಿತ್ತು. ಹಚ್ಚಿದೆ.
ಮೊದಲು ಹಿಸ್ಸೆನ್ನುವ ಕತ್ತಲು.
ಡ್ರಮ್ಮಿನವನ ಕೆಮ್ಮು (ಅವನು ತೀರಿಕೊಂಡು ಎಷ್ಟೋ ಕಾಲ).
ಹಾಡು. ನಮಗೆಲ್ಲ ಬಾಯಿಪಾಠವಾದ ಅದೇ ಹಾಡು.
ಗಾಜಿನಾಚೆಯಿಂದ ಗಂಡು ದನಿ: ಸಾಕು, ಚೆನ್ನಾಗಿದೆ.
ಆಮೇಲೆ ಅವಳು, ಊರ ಮಾತಿನ ಮಸಿ
ಇನ್ನೂ ತೊಳೆದುಹೋಗದ ಕೊರಳಲ್ಲಿ:
“ಇನ್ನೊಂದ್ಸಲ ಹಾಡ್ಲಾ? ಈಗ ಗೊತ್ತಾಯ್ತು.”

ಯಾರೂ ಉತ್ತರಿಸಿಲ್ಲ. ಕಟಕ್.

ಅಂದರೆ, ದೇಶವೆಲ್ಲ ಗುನುಗಿದ್ದು
ಅವಳಿಗೆ ಗೊತ್ತಾಗುವುದಕ್ಕೆ ಮುಂಚಿನದನ್ನು.

ಅರವತ್ತೆರಡರ ಹೆಂಗಸು ಹೆಡ್‌ಫೋನ್ ತೆಗೆಯಲಿಲ್ಲ.
“ಏನು ಗೊತ್ತಾಗಿತ್ತೋ” ಎಂದಳು, ನನಗಲ್ಲವೆಂಬಂತೆ.
“ಮರೆತೇ ಹೋಗಿದೆ ನೋಡಿ.”
ಮತ್ತೆ ಹಾಕಲು ಹೇಳಿದಳು. ಮತ್ತೆ. ನಾಲ್ಕನೆಯ ಸಲ
ಪ್ರಶ್ನೆ ಮುಗಿದ ಮೇಲೆ ತುಟಿ ಅಲುಗಿತು.
ಹೂಂ ಎಂದಳೋ, ಬರೀ ಉಸಿರೋ, ನನಗೆ ಕೇಳಿಸಲಿಲ್ಲ.
ದನಿ ಹಿಡಿಯುವುದೇ ನನ್ನ ಕಸುಬು.

ಬೇಯಿಸಿದ ಟೇಪು ತಿಂಗಳೊಪ್ಪತ್ತು ಬಾಳುತ್ತದೆ,
ಆಮೇಲೆ ಮತ್ತೆ ಅಂಟು. ಸಂಜೆ ಫಾರಂ ತುಂಬಿದೆ:
ತಾರೀಕು, ಶಾಖ, ತಾಸು.
‘ತೆಗೆದುಹಾಕಬೇಕಾದ ಭಾಗ’ ಎಂಬಲ್ಲಿ
ಕೆಮ್ಮು, ಎಂದು ಬರೆದು ನಿಲ್ಲಿಸಿದೆ.
ಸಿಹಿಯ ಕೊನೆಯ ತುಂಡು ತಿಂದೆ.
ಕೆಮ್ಮನ್ನೂ ಹೊಡೆದು ಹಾಕಿದೆ.