ತಾಯಿ ಪರೀಕ್ಷೆ

ಶಿಡ್ಲಘಟ್ಟದ ಬಿತ್ತನೆ ಕೋಠಿಯಲ್ಲಿ
ಇಪ್ಪತ್ತೊಂದು ವರ್ಷದಿಂದ ನನ್ನದು ಕಣ್ಣಿನ ಕೆಲಸ.
ಮೊಟ್ಟೆಯಿಟ್ಟು ಸುಸ್ತಾದ ಚಿಟ್ಟೆಯನ್ನು
ಪುಟ್ಟ ಒರಳಲ್ಲಿ ಅರೆದು
ಒಂದು ತೊಟ್ಟು ಗಾಜಿಗಿಟ್ಟು
ಒಂದು ಕಣ್ಣು ಮುಚ್ಚಿ ಬಗ್ಗುತ್ತೇನೆ.
ಅಕ್ಕಿನುಚ್ಚಿನಂತೆ ಹೊಳೆಯುವ ಕಾಳು
ಒಂದೇ ಒಂದು ಕಂಡರೂ ಸಾಕು,
ಗಂಟುರೋಗ.
ಆ ತಾಯಿಯ ಮೊಟ್ಟೆಯಷ್ಟೂ ಬೆಂಕಿಗೆ.
ಕಾಣದಿದ್ದರೆ ಹಾಳೆಗೆ ನೀಲಿ ಮೊಹರು: ರೋಗರಹಿತ.
ಮಡಿಚಿ ಒಯ್ಯುವ ರೈತ
ಮೊಹರು ನೋಡುತ್ತಾನೆ, ನನ್ನ ಮುಖವನ್ನಲ್ಲ.

ಮೂರು ವರ್ಷದ ಹಿಂದೆ ಮೇಲಿನಿಂದ ಕಾಗದ ಬಂತು:
ನಲವತ್ತು ದಾಟಿದವರು ವರ್ಷಕ್ಕೊಮ್ಮೆ ತೋರಿಸಿಕೊಳ್ಳತಕ್ಕದ್ದು.
ಮೊದಲ ವರ್ಷ ಮಗಳ ಪರೀಕ್ಷೆ ಎಂದೆ.
ಮರುವರ್ಷ ಬಿತ್ತನೆ ಗೂಡಿನ ಹಂಗಾಮು.
ಆಮೇಲಿನದಕ್ಕೆ ನೆಪವೂ ಬೇಕಾಗಲಿಲ್ಲ,
ನನಗೇನಾಗಿದೆ, ಕಲ್ಲುಗುಂಡಿನ ಹಾಗಿದ್ದೀನಿ ಎಂದೆ.
ಅಕ್ಕಯ್ಯಮ್ಮ ಒರಳು ತೊಳೆಯುತ್ತಾ ಅಂದಳು:
"ಚಿಟ್ಟೆಗೂ ಏನೂ ಆಗಿರಲ್ಲ ಕಣಮ್ಮಾ,
ರೆಕ್ಕೆ ಬಡೀತಾನೇ ಇರುತ್ತೆ, ಅರೆಯೋ ತನಕ."

ಅಮ್ಮನನ್ನೂ ನೋಡಿದ್ದು ಹಾಗೇ.
ಐದು ಹೆತ್ತು, ಮೂರು ಉಳಿಸಿಕೊಂಡು,
ಸೀರೆಗೆ ಕಲೆಯಾದರೆ ನೆರಿಗೆ ತಿರುಗಿಸಿ ಉಟ್ಟು
ರಾಟೆಯ ಮುಂದೆ ಕೂತೇ ಇದ್ದಳು.
ಕೋಲಾರದ ಡಾಕ್ಟರು ಕೇಳಿದ್ದು ಒಂದೇ ಮಾತು:
ಇಷ್ಟು ದಿನ?
ಆಮೇಲೆ ಎಂಟು ವಾರ.

ಮಂಗಳವಾರ, ತಾಲ್ಲೂಕು ಆಸ್ಪತ್ರೆ.
ಖಾಲಿ ಹೊಟ್ಟೆ, ಕೈಚೀಲದಲ್ಲಿ ಚಿತ್ರಾನ್ನದ ಡಬ್ಬಿ.
ತೋಳಿಗೆ ಪಟ್ಟಿ ಸುತ್ತಿ ಉಸ್ ಉಸ್ ಎಂದು ಗಾಳಿ ಒತ್ತಿದ ಹುಡುಗಿ
"ಸ್ವಲ್ಪ ಜಾಸ್ತಿ, ಉಪ್ಪಿನಕಾಯಿ ಬಿಡಿ" ಅಂದಳು.
ಬಿಡುತ್ತೇನೆ ಅಂದೆ,
ಡಬ್ಬಿಯೊಳಗಿನ ಮಾವಿನ ಹೋಳು ನೆನೆದು.
ಹಸಿರು ಪರದೆಯ ಹಿಂದೆ ಮಂಡಿ ಮಡಿಚಿ ಮಲಗಿ
ಫ್ಯಾನಿನ ರೆಕ್ಕೆ ಎಣಿಸಿದೆ. ಮೂರೇ ಇದ್ದವು.
ಮತ್ತೆ ಎಣಿಸಿದೆ.
"ಉಸಿರು ಬಿಡಿ ಅಕ್ಕಾ, ಮುಗೀತು" ಅಂದಳು ಸಿಸ್ಟರ್ ಶಮ್ಷಾದ್.
ಎದ್ದು ಸೀರೆ ಸರಿಮಾಡಿಕೊಳ್ಳುವಾಗ ಕಂಡಿತು,
ಮೇಜಿನ ಮೇಲೆ ಅದೇ ಗಾಜಿನ ಪಟ್ಟಿ,
ಅಂಚಿಗೆ ಪೆನ್ಸಿಲಿನಲ್ಲಿ ನಂಬರು, ನಲವತ್ತೇಳು.
ನಾನು.

ವರದಿ ಮುಂದಿನ ಶುಕ್ರವಾರ.
ಇವತ್ತೂ ನೂರಿಪ್ಪತ್ತು ಚಿಟ್ಟೆ.
ನಿಜ ಹೇಳಬೇಕೆಂದರೆ, ಎಷ್ಟೋ ಸಂಜೆ
ನಾಲ್ಕೂವರೆ ಬಸ್ಸಿನ ಹಾರನ್ನು ಕೇಳಿದೊಡನೆ
ಕೊನೆಯ ಹತ್ತನ್ನು ಓಡಿಸಿದ್ದೇನೆ.
ಇವತ್ತು ಬಸ್ಸು ಹೋಯಿತು. ಹೋಗಲಿ.
ನೂರಾ ಹತ್ತೊಂಬತ್ತನೆಯದನ್ನು ಎರಡು ಸಲ ನೋಡಿದೆ.
ಎಲ್ಲೋ ಒಂದು ಕೋಣೆಯಲ್ಲಿ ಯಾರೋ
ಒಂದು ಕಣ್ಣು ಮುಚ್ಚಿ ನನ್ನ ಮೇಲೆ ಬಗ್ಗಿರಬೇಕು.
ತಾಯೀ, ನೀನು ಯಾರೇ ಆಗಿರು,
ನಿನ್ನ ಬಸ್ಸೂ ಹೋಗಲಿ.